ಹೊಸ್ತಿಲೊಳಗಿನ ಹಲ್ಲೆ ಮತ್ತು ಶಿಕ್ಷೆಯ ತೂಕ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕಾನೂನಿನ ತಿಳಿವಳಿಕೆ ನ್ಯಾಯಾಲಯದ ಆವರಣ ದಾಟಿ ಜನರ ನಡುವೆ ಬರಬೇಕೆಂಬುದು ಈ ದತ್ತಿಯ ಆಶಯ. ಆ ಆಶಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇವತ್ತಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ಹಲ್ಲೆಯ ಪ್ರಕರಣದಲ್ಲಿ, ಅದರಲ್ಲೂ ಮನೆಯೊಳಗೆ ನಡೆದ ಹಲ್ಲೆಯಲ್ಲಿ, ಅಪರಾಧ ಸಾಬೀತಾದ ಮೇಲೆ ಶಿಕ್ಷೆ ಎಷ್ಟೆಂದು ನಿರ್ಧರಿಸುವಾಗ ಯಾವ ಸಂಗತಿಗಳು ಶಿಕ್ಷೆಯನ್ನು ಏರಿಸಬೇಕು ಎಂಬುದು ನನ್ನ ಮುಂದಿರುವ ಪ್ರಶ್ನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಡೆದವನು ಮನೆಯವನೇ ಎಂಬುದು ಶಿಕ್ಷೆಯನ್ನು ಏರಿಸುವ ಕಾರಣ. ನಮ್ಮಲ್ಲಿ ಅದು ಮತ್ತೆ ಮತ್ತೆ ಶಿಕ್ಷೆಯನ್ನು ಇಳಿಸುವ ಕಾರಣವಾಗಿ ಬಂದು ನಿಲ್ಲುತ್ತದೆ. ಈ ತಲೆಕೆಳಗಾದ ಲೆಕ್ಕವನ್ನು ಸರಿಪಡಿಸಬೇಕು. ಅದು ಸಾಧ್ಯವೂ ಹೌದು.

1. ತೀರ್ಪಿಗೂ ಶಿಕ್ಷೆಗೂ ನಡುವೆ

ಕ್ರಿಮಿನಲ್ ಪ್ರಕರಣವೆಂದರೆ ನಮ್ಮ ಗಮನವೆಲ್ಲ ಬಂಧನ, ಜಾಮೀನು, ಖುಲಾಸೆ ಎಂಬ ಘಟ್ಟಗಳ ಮೇಲೆ. ಇವುಗಳ ಆಚೆಗೆ ಇನ್ನೊಂದು ಘಟ್ಟವಿದೆ. ಆರೋಪಿ ತಪ್ಪಿತಸ್ಥನೆಂದು ನ್ಯಾಯಾಧೀಶರು ಘೋಷಿಸಿದ ಮೇಲೆ, ಶಿಕ್ಷೆ ವಿಧಿಸುವ ಮೊದಲು, ಶಿಕ್ಷೆಯ ಪ್ರಮಾಣದ ಬಗ್ಗೆ ಅವನ ಮಾತು ಕೇಳಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆ ಈ ಪದ್ಧತಿಯನ್ನು ತಂದಿತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 258(2) ಮತ್ತು 271(2)ನೇ ಕಲಮುಗಳಲ್ಲಿದೆ. ಈ ವಿಚಾರಣೆ ಬರೀ ಶಾಸ್ತ್ರಕ್ಕೆ ಮುಗಿಸುವಂಥದ್ದಲ್ಲ, ಶಿಕ್ಷೆಗೆ ಸಂಬಂಧಪಟ್ಟ ಸಂಗತಿಗಳನ್ನೂ ಸಾಮಗ್ರಿಯನ್ನೂ ಮುಂದಿಡಲು ನಿಜವಾದ ಅವಕಾಶ ಸಿಗಬೇಕು ಎಂದು ಸುಪ್ರೀಂ ಕೋರ್ಟು 1976ರಲ್ಲೇ, ಪಂಜಾಬಿನಿಂದ ಬಂದ ಮೇಲ್ಮನವಿಯೊಂದರಲ್ಲಿ, ಸ್ಪಷ್ಟಪಡಿಸಿತು.

ತಾಲ್ಲೂಕು ಮಟ್ಟದ ನ್ಯಾಯಾಲಯದಲ್ಲಿ ಈ ಘಟ್ಟ ಹೇಗೆ ಸಾಗುತ್ತದೆ ಎಂಬುದು ಇಲ್ಲಿರುವ ವಕೀಲರಿಗೆಲ್ಲ ಗೊತ್ತು. ಆರೋಪಿ ಪರ ವಕೀಲರು ಎದ್ದು ನಿಂತು, ‘ಇದು ಮೊದಲ ಅಪರಾಧ, ವಯಸ್ಸಾದ ತಾಯಿ ಇದ್ದಾರೆ, ಹೆಂಡತಿ ಮಕ್ಕಳು ಇವನ ದುಡಿಮೆಯನ್ನೇ ನಂಬಿದ್ದಾರೆ, ದಯೆ ತೋರಬೇಕು’ ಎನ್ನುತ್ತಾರೆ. ಸರ್ಕಾರಿ ಅಭಿಯೋಜಕರು, ‘ಕಾನೂನಿನಲ್ಲಿರುವ ಗರಿಷ್ಠ ಶಿಕ್ಷೆ ವಿಧಿಸಬೇಕು’ ಎಂದು ಕೂರುತ್ತಾರೆ. ಬೀದಿ ಜಗಳದ ಪ್ರಕರಣದಲ್ಲಿ ಈ ಮಾತುಗಳಿಗೆ ಅರ್ಥವಿದೆ. ಆದರೆ ಹೆಂಡತಿಯನ್ನು ಹೊಡೆದ ಪ್ರಕರಣದಲ್ಲೂ ಅವೇ ಮಾತು ಬರುತ್ತವೆ. ಪೆಟ್ಟು ತಿಂದವಳು, ಅದನ್ನು ಕಂಡ ಮಕ್ಕಳು, ಇವರೇ ಹೊಡೆದವನಿಗೆ ಕರುಣೆ ತೋರಲು ಕಾರಣವಾಗುತ್ತಾರೆ. ವರ್ಷಗಟ್ಟಲೆ ಅವಳನ್ನು ಬಾಯಿ ಮುಚ್ಚಿಸಿದ್ದ ಆರ್ಥಿಕ ಅವಲಂಬನೆ ಕೊನೆಗೆ ಅವನ ರಕ್ಷಣೆಗೂ ಒದಗುತ್ತದೆ.

ಸಣ್ಣ ಗಾಯದ ಪ್ರಕರಣಗಳಲ್ಲಿ ಸ್ಥಿತಿ ಇನ್ನೂ ಬಡವಾಗಿದೆ. ಎರಡು ವರ್ಷದವರೆಗಿನ ಶಿಕ್ಷೆಯ ಅಪರಾಧಗಳು ಸಮನ್ಸ್ ಪ್ರಕರಣಗಳು. ಅವುಗಳಲ್ಲಿ ತಪ್ಪಿತಸ್ಥನೆಂದು ಕಂಡುಬಂದರೆ ಮ್ಯಾಜಿಸ್ಟ್ರೇಟರು ಕಾನೂನಿನಂತೆ ಶಿಕ್ಷೆ ವಿಧಿಸತಕ್ಕದ್ದು ಎಂದಷ್ಟೇ ಇದೆ. ಶಿಕ್ಷೆಯ ಬಗ್ಗೆ ಪ್ರತ್ಯೇಕವಾಗಿ ಕೇಳಬೇಕೆಂಬ ಕಡ್ಡಾಯವೇ ಇಲ್ಲ. ಮನೆಯೊಳಗಿನ ದಿನನಿತ್ಯದ ಹೊಡೆತ ಬಂದು ಸೇರುವುದು ಈ ವರ್ಗಕ್ಕೇ.

2. ಒಂದೇ ಗಾಯ, ಎರಡು ಅಪರಾಧ

ಒಂದು ಊಹೆಯ ಪ್ರಸಂಗ ಇಟ್ಟುಕೊಳ್ಳೋಣ. ಬಸ್ ನಿಲ್ದಾಣದಲ್ಲಿ ಸೀಟಿನ ಜಗಳಕ್ಕೆ ಅಪರಿಚಿತನೊಬ್ಬ ಇನ್ನೊಬ್ಬನ ಮುಖಕ್ಕೆ ಗುದ್ದುತ್ತಾನೆ. ತುಟಿ ಒಡೆಯುತ್ತದೆ, ಕೆನ್ನೆ ಊದುತ್ತದೆ. ಅದೇ ರಾತ್ರಿ ಅದೇ ಊರಿನ ಮನೆಯೊಂದರಲ್ಲಿ ಗಂಡ ಹೆಂಡತಿಯ ಮುಖಕ್ಕೆ ಗುದ್ದುತ್ತಾನೆ. ಅವಳಿಗೂ ತುಟಿ ಒಡೆಯುತ್ತದೆ, ಕೆನ್ನೆ ಊದುತ್ತದೆ. ಸರ್ಕಾರಿ ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಇಬ್ಬರಿಗೂ ಒಂದೇ: ಸಾದಾ ಸ್ವರೂಪದ ಗಾಯ. ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಮಿನಡಿ ಇದಕ್ಕೆ ಗರಿಷ್ಠ 1 ವರ್ಷದ ಸಜೆ, ಇಲ್ಲವೇ 10,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಕಾಗದದ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಕಾಗದ ಹೇಳದ ಸಂಗತಿಗಳಲ್ಲಿ.

ಬಸ್ ನಿಲ್ದಾಣದಲ್ಲಿ ಪೆಟ್ಟು ತಿಂದವನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಅಪಾಯ ಹೊರಗುಳಿಯುತ್ತದೆ. ಅವಳು ಬಾಗಿಲು ಹಾಕಿಕೊಂಡರೆ ಅಪಾಯ ಒಳಗೇ ಇರುತ್ತದೆ. ಇದು ಮೊದಲ ವ್ಯತ್ಯಾಸ. ಎರಡನೆಯದು ನಂಬಿಕೆ ಮತ್ತು ಅಧಿಕಾರದ ದುರ್ಬಳಕೆ. ಮನೆಯ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ದಿನಸಿಯ ದುಡ್ಡು, ಎಲ್ಲವೂ ಹೊಡೆಯುವ ಕೈಯಲ್ಲೇ ಇದ್ದಾಗ ಏಟಿಗೆ ಎದುರಾಡುವ ಶಕ್ತಿ ಮೊದಲೇ ಕುಗ್ಗಿರುತ್ತದೆ. ಮೂರನೆಯದು ಪುನರಾವರ್ತನೆ. ಅಪರಿಚಿತ ಗುದ್ದಿದ್ದು ಬಹುಶಃ ಒಮ್ಮೆ. ಮನೆಯಲ್ಲಿ ಒಂದು ಏಟಿನ ಹಿಂದೆ ಹಲವು ಏಟುಗಳಿರುತ್ತವೆ, ಮುಂದಿನ ಏಟಿನ ಭಯ ದಿನವೂ ಜೊತೆಗಿರುತ್ತದೆ. ನಾಲ್ಕನೆಯದು ಮಕ್ಕಳು. ಪಕ್ಕದ ಕೋಣೆಯಲ್ಲಿ ಮಲಗಿದಂತೆ ನಟಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುವ ಮಗು ದೋಷಾರೋಪಣ ಪಟ್ಟಿಯಲ್ಲಿ ಎಲ್ಲೂ ಬಾರದ ಇನ್ನೊಬ್ಬ ಸಂತ್ರಸ್ತ. ಐದನೆಯದು ದೂರು ತಡೆಯುವ ಯತ್ನ: ಫೋನ್ ಕಿತ್ತುಕೊಳ್ಳುವುದು, ಕೋಣೆಯಲ್ಲಿ ಕೂಡಿಹಾಕುವುದು, ತವರಿನವರನ್ನು ಬೆದರಿಸುವುದು, ರಾತ್ರೋರಾತ್ರಿ ಮನೆಯಿಂದ ಹೊರಗಟ್ಟುವುದು. ಆರನೆಯದು ಅವಳ ಆ ಹೊತ್ತಿನ ಸ್ಥಿತಿ: ಗರ್ಭಿಣಿಯೋ, ಬಾಣಂತಿಯೋ, ಕಾಯಿಲೆಯವಳೋ, ಅಂಗವಿಕಲೆಯೋ, ಮಗನ ಮನೆಯಲ್ಲಿರುವ ವೃದ್ಧ ತಾಯಿಯೋ.

ಹೊಡೆತದ ವಿಧಾನವನ್ನೂ ಪ್ರತ್ಯೇಕವಾಗಿ ನೋಡಬೇಕು. ಕುತ್ತಿಗೆ ಹಿಸುಕಿದಾಗ ಹೊರಗೆ ಗುರುತೇ ಬೀಳದಿರಬಹುದು. ಒಳಗೆ ರಕ್ತನಾಳಕ್ಕೂ ಶ್ವಾಸನಾಳಕ್ಕೂ ಆದ ಹಾನಿ ಆಮೇಲೆ ಪ್ರಾಣಕ್ಕೆ ಎರವಾಗಬಹುದು. ‘ಇನ್ನೊಂದು ಕ್ಷಣ ಒತ್ತಿದರೆ ನೀನಿಲ್ಲ’ ಎಂಬ ಸಂದೇಶವನ್ನು ಅದು ಮಾತಿಲ್ಲದೆ ಕೊಡುತ್ತದೆ. ನಮ್ಮ ಪ್ರಮಾಣಪತ್ರದಲ್ಲಿ ಇದು ಹಲವು ಸಲ ಸಾದಾ ಗಾಯವಾಗಿಯೇ ಉಳಿಯುತ್ತದೆ, ಏಕೆಂದರೆ ನಮ್ಮ ಕಾನೂನು ಗಾಯವನ್ನು ಮೂಳೆ, ಹಲ್ಲು, ಕಣ್ಣು, ಕಿವಿಯ ಲೆಕ್ಕದಲ್ಲಿ ಅಳೆಯುತ್ತದೆ. ನ್ಯಾಯ ಸಂಹಿತೆಯ 116ನೇ ಕಲಮು ತೀವ್ರ ಗಾಯದ ಎಂಟು ವಿಧಗಳನ್ನು ಹೇಳುತ್ತದೆ. ಎಂಟನೆಯದರಲ್ಲಿ ‘ಪ್ರಾಣಾಪಾಯ ಒಡ್ಡುವ ಗಾಯ’ವೂ ಸೇರಿದೆ. ಕುತ್ತಿಗೆ ಹಿಸುಕಿದ ಪ್ರಕರಣವನ್ನು ಅಲ್ಲಿಗೆ ತರಲು ವೈದ್ಯರು ನುಂಗಲು ಕಷ್ಟವೇ, ಧ್ವನಿ ಬದಲಾಗಿದೆಯೇ, ಪ್ರಜ್ಞೆ ತಪ್ಪಿತ್ತೇ ಎಂದು ಕೇಳಿ ಬರೆದಿರಬೇಕು. ತನಿಖಾಧಿಕಾರಿ ಅದನ್ನು ಓದಿರಬೇಕು.

3. ಯಾರ ಮೇಲಿನ ಹಲ್ಲೆ ಎಂಬುದು ಕಾನೂನಿಗೆ ಗೊತ್ತು

ಪೆಟ್ಟು ತಿಂದವರು ಯಾರು ಎಂಬುದರ ಮೇಲೆ ಶಿಕ್ಷೆ ಬದಲಾಗುವುದು ಸರಿಯೇ ಎಂದು ಕೆಲವರು ಕೇಳಬಹುದು. ನಮ್ಮ ಕಾನೂನು ಆ ಪ್ರಶ್ನೆಗೆ ಎಂದೋ ‘ಹೌದು’ ಎಂದಿದೆ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರನನ್ನು ತಡೆಯಲೆಂದು ಹೊಡೆದು ಸಾದಾ ಗಾಯ ಮಾಡಿದರೆ ನ್ಯಾಯ ಸಂಹಿತೆಯ 121(1)ರಡಿ 5 ವರ್ಷದವರೆಗೆ ಸಜೆ. ವೈದ್ಯರ, ದಾದಿಯರ ಮೇಲಿನ ಹಿಂಸೆಗೆ ಕರ್ನಾಟಕ 2009ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿತು. ಪರಿಶಿಷ್ಟ ಜಾತಿ ಮತ್ತು ಬುಡಕಟ್ಟುಗಳ ಮೇಲಿನ ದೌರ್ಜನ್ಯ ತಡೆಗೆ 1989ರ ಕಾಯ್ದೆ ಇದೆ. ಈ ಮೂರರ ಹಿಂದೆಯೂ ಇರುವ ತತ್ವ ಒಂದೇ. ಪೆಟ್ಟು ತಿಂದವರ ಸ್ಥಿತಿ, ಹೊಡೆದವನಿಗೂ ಅವರಿಗೂ ಇರುವ ಬಲದ ಅಂತರ, ಆ ಏಟು ಸಮಾಜಕ್ಕೆ ಕೊಡುವ ಸಂದೇಶ, ಇವು ಅಪರಾಧದ ಗುರುತ್ವವನ್ನು ಹೆಚ್ಚಿಸುತ್ತವೆ.

ಮನೆಯ ವಿಷಯದಲ್ಲೂ ಕಾನೂನು ಪೂರ್ತಿ ಮೌನವಾಗಿಲ್ಲ. ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯಕ್ಕೆ 1983ರಲ್ಲಿ ದಂಡ ಸಂಹಿತೆಗೆ 498ಎ ಸೇರಿತು. ಈಗ ಅದು ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮು. ಗರಿಷ್ಠ ಶಿಕ್ಷೆ 3 ವರ್ಷ. ವರದಕ್ಷಿಣೆ ಸಾವಿಗೆ ಕನಿಷ್ಠ 7 ವರ್ಷ. ಆದರೆ 85ನೇ ಕಲಮಿಗೆ ಮದುವೆಯ ಸಂಬಂಧ ಬೇಕು. ಅಣ್ಣ ತಂಗಿಗೆ ಹೊಡೆದರೆ, ಮಗ ತಾಯಿಗೆ ಹೊಡೆದರೆ, ಮದುವೆಯಿಲ್ಲದೆ ಜೊತೆಗಿರುವ ಗಂಡಸು ಹೊಡೆದರೆ ಅದು ಅನ್ವಯಿಸುವುದಿಲ್ಲ. ಅಂಥ ಪ್ರಕರಣ ಮತ್ತೆ ಬಸ್ ನಿಲ್ದಾಣದ ಗುದ್ದಿನ ಸಾಲಿಗೇ ಸೇರುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ದೈಹಿಕ, ಲೈಂಗಿಕ, ಮೌಖಿಕ, ಭಾವನಾತ್ಮಕ, ಆರ್ಥಿಕ ಹಿಂಸೆಗಳನ್ನೆಲ್ಲ ಒಟ್ಟಿಗೆ ನೋಡಿದ ವಿವೇಕದ ಕಾಯ್ದೆ ಅದು. ಆದರೂ ಅದು ಕೊಡುವುದು ಮುಖ್ಯವಾಗಿ ರಕ್ಷಣೆ, ವಾಸದ ಹಕ್ಕು, ಪರಿಹಾರ. ರಕ್ಷಣಾ ಆದೇಶವನ್ನು ಮುರಿದಾಗ ಮಾತ್ರ ಗರಿಷ್ಠ 1 ವರ್ಷ ಸಜೆ, ಅಥವಾ 20,000 ರೂಪಾಯಿ ದಂಡ, ಅಥವಾ ಎರಡೂ.

ಹೀಗಾಗಿ, ಕೌಟುಂಬಿಕ ಹಿಂಸೆ ಎಂದರೇನೆಂದು ಬಲ್ಲ ಕಾಯ್ದೆ ಶಿಕ್ಷೆ ವಿಧಿಸುವುದು ಕಡಿಮೆ. ಶಿಕ್ಷೆ ವಿಧಿಸುವ ಕಾಯ್ದೆಗೆ ಕೌಟುಂಬಿಕ ಹಿಂಸೆಯ ಸ್ವರೂಪ ಪೂರ್ತಿ ಗೊತ್ತಿಲ್ಲ. ಇವೆರಡರ ನಡುವೆ ಸೇತುವೆಯಾಗಬೇಕಾದದ್ದು ಶಿಕ್ಷೆಯ ವಿಚಾರಣೆ.

4. ಸಂಬಂಧವೇ ರಿಯಾಯಿತಿಯಾದಾಗ

ಕಾನೂನಿನ ಒಳಗೇ ಇರುವ ಮೂರು ವೈರುಧ್ಯಗಳನ್ನು ತಮ್ಮ ಗಮನಕ್ಕೆ ತರಬೇಕು.

ಒಂದು, ಪುನರಪರಾಧ. ನ್ಯಾಯ ಸಂಹಿತೆಯ 13ನೇ ಕಲಮು, ಹಳೆಯ ದಂಡ ಸಂಹಿತೆಯ 75, ಒಮ್ಮೆ ಶಿಕ್ಷೆಯಾಗಿಯೂ ಮತ್ತೆ ಅಪರಾಧ ಮಾಡಿದವನಿಗೆ 10 ವರ್ಷದವರೆಗೆ, ಜೀವಾವಧಿಯವರೆಗೂ, ಶಿಕ್ಷೆ ಏರಿಸಲು ಅವಕಾಶ ಕೊಡುತ್ತದೆ. ಆದರೆ ಅದು ಅನ್ವಯಿಸುವುದು ನಾಣ್ಯ, ನೋಟು, ಸ್ಟಾಂಪುಗಳ ಅಧ್ಯಾಯಕ್ಕೂ ಸ್ವತ್ತಿನ ವಿರುದ್ಧದ ಅಪರಾಧಗಳ ಅಧ್ಯಾಯಕ್ಕೂ ಮಾತ್ರ, ಅದೂ 3 ವರ್ಷ ಅಥವಾ ಹೆಚ್ಚಿನ ಸಜೆಯ ಅಪರಾಧಗಳಿಗೆ. ಎರಡನೇ ಸಲ ಕದ್ದವನ ಬಗ್ಗೆ 1860ರಿಂದಲೂ ಕಾನೂನು ಎಚ್ಚರವಾಗಿದೆ. ಎರಡನೇ ಸಲ ಹೆಂಡತಿಯನ್ನು ಹೊಡೆದು ಗಾಯಗೊಳಿಸಿದವನ ಬಗ್ಗೆ ಅಂಥ ಸಾಮಾನ್ಯ ನಿಯಮವಿಲ್ಲ. ಮೈಗಿಂತ ಸ್ವತ್ತಿಗೆ ಹೆಚ್ಚು ಕಾವಲು ಹಾಕಿದ ಈ ಕ್ರಮ 2023ರ ಹೊಸ ಸಂಹಿತೆಯಲ್ಲೂ ಹಾಗೆಯೇ ಉಳಿದದ್ದು ದುಃಖದ ಸಂಗತಿ.

ಎರಡು, ಅತ್ಯಾಚಾರದ ಕಲಮು. ಸಂಬಂಧಿಕ, ಪೋಷಕ, ಶಿಕ್ಷಕ, ನಂಬಿಕೆಯ ಸ್ಥಾನದಲ್ಲಿರುವವನು ಮಾಡಿದ ಅತ್ಯಾಚಾರವನ್ನು ನ್ಯಾಯ ಸಂಹಿತೆಯ 64(2) ಹೆಚ್ಚು ಗಂಭೀರ ವರ್ಗದಲ್ಲಿ ಇರಿಸಿದೆ. ಅಂದರೆ ನಂಬಿಕೆದ್ರೋಹ ಶಿಕ್ಷೆಯನ್ನು ಏರಿಸುತ್ತದೆ. ಅದೇ ಸಂಹಿತೆಯಲ್ಲಿ, ಹೆಂಡತಿಗೆ 18 ವರ್ಷ ತುಂಬಿದ್ದರೆ ಗಂಡನಿಗೆ ಪೂರ್ತಿ ವಿನಾಯಿತಿ. ಬೇರೆ ವಾಸವಿರುವ ಹೆಂಡತಿಯ ಮೇಲೆ ಗಂಡ ಎಸಗಿದರೆ 2ರಿಂದ 7 ವರ್ಷ. ಬೇರೆ ಯಾರೇ ಎಸಗಿದರೂ ಕನಿಷ್ಠವೇ 10 ವರ್ಷ. ಅತಿ ಹತ್ತಿರದ ಸಂಬಂಧ ಬಂದ ಕೂಡಲೇ ತತ್ವ ಮಗುಚಿ ಬೀಳುತ್ತದೆ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಗಂಡನ ಮೇಲಿನ ಇಂಥ ಆರೋಪವನ್ನು ರದ್ದುಪಡಿಸಲು ನಿರಾಕರಿಸಿ, ಗಂಡನಾದರೂ ಕ್ರೌರ್ಯ ಕ್ರೌರ್ಯವೇ ಎಂಬ ನಿಲುವು ತಳೆದರು. ಆ ವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ವಿಚಾರಣೆಗೆ ತಡೆ ನೀಡಿತು. ಆದರೂ ಆ ತೀರ್ಪು ಎತ್ತಿದ ಪ್ರಶ್ನೆ ಹಿಂದಕ್ಕೆ ಹೋಗುವಂಥದ್ದಲ್ಲ.

ಮೂರು, ಕುಡಿತ ಮತ್ತು ಕೆಣಕು. ತಾನಾಗಿಯೇ ಕುಡಿದವನಿಗೆ ಆ ಅಮಲು ರಕ್ಷಣೆಯಾಗದು ಎಂದು ಕಾನೂನು ಹೇಳಿದರೂ ಶಿಕ್ಷೆಯ ಹೊತ್ತಿಗೆ ‘ಕುಡಿದ ಮತ್ತಿನಲ್ಲಿ ಮಾಡಿದ’ ಎಂಬ ಮಾತು ರಿಯಾಯಿತಿ ಕೇಳಿಕೊಂಡು ಬರುತ್ತದೆ. ಕರ್ನಾಟಕದ್ದೇ ಒಂದು ಪ್ರಕರಣ ಇಲ್ಲಿ ನೆನೆಯಬೇಕು. ಪುಟ್ಟ ಬಾಲಕಿಯ ಮೇಲೆ ಅತ್ಯಾಚಾರ ಎಸಗಿದವನಿಗೆ ವಿಚಾರಣಾ ನ್ಯಾಯಾಲಯ 10 ವರ್ಷದ ಸಜೆ ವಿಧಿಸಿತ್ತು. ಅವನು ಅನಕ್ಷರಸ್ಥ, ಕುಡಿತದ ಚಟದವನು, ತಾಯಿ, ಹೆಂಡತಿ, ಮಕ್ಕಳು ಅವನನ್ನೇ ನಂಬಿದ್ದಾರೆ ಎಂಬ ಕಾರಣಗಳಿಗೆ ಹೈಕೋರ್ಟು ಅದನ್ನು 4 ವರ್ಷಕ್ಕೆ ಇಳಿಸಿತು. ರಾಜ್ಯ ಸರ್ಕಾರ ಮೇಲ್ಮನವಿ ಹೋಯಿತು. 2000ದಲ್ಲಿ ಸುಪ್ರೀಂ ಕೋರ್ಟು ಆ ಕಾರಣಗಳು ಯಾವುವೂ ಒಪ್ಪತಕ್ಕವಲ್ಲ ಎಂದು 10 ವರ್ಷವನ್ನೇ ಮರಳಿ ವಿಧಿಸಿತು. ಹೆಂಡತಿಯನ್ನೇ ಹೊಡೆದ ಪ್ರಕರಣದಲ್ಲಿ ಈ ತತ್ವ ಇನ್ನೂ ಬಿಗಿಯಾಗಿ ಅನ್ವಯಿಸಬೇಡವೇ?

ಕೆಣಕಿನ ವಿಷಯವೂ ಅಷ್ಟೇ. ‘ಗಂಭೀರ ಮತ್ತು ಹಠಾತ್’ ಪ್ರಚೋದನೆಯಿದ್ದರೆ ಸಾದಾ ಗಾಯದ ಸಜೆ 1 ತಿಂಗಳಿಗೆ ಇಳಿಯುತ್ತದೆ ಎಂದು 122(1) ಹೇಳುತ್ತದೆ. ಎದುರು ಮಾತಾಡಿದ್ದು, ಅಡುಗೆ ಕೆಟ್ಟದ್ದು, ಹೇಳದೆ ಹೊರಗೆ ಹೋದದ್ದು ಪ್ರಚೋದನೆಯೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇಂಥವೇ ಏಳು ಕಾರಣಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಕೇಳುತ್ತದೆ. 2019-21ರ ಐದನೇ ಸುತ್ತಿನಲ್ಲಿ ಕರ್ನಾಟಕದ 81.9% ಗಂಡಸರು, 76.9% ಹೆಂಗಸರು ಒಂದಲ್ಲ ಒಂದು ಕಾರಣಕ್ಕೆ ‘ಸರಿ’ ಎಂದರು. ಅದೇ ಸಮೀಕ್ಷೆಯಲ್ಲಿ, ರಾಜ್ಯದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ 44.4% ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸುತ್ತಿನಲ್ಲಿ ಇದು 20.6% ಇತ್ತು. ಪೊಲೀಸರು, ವೈದ್ಯರು, ವಕೀಲರು, ನ್ಯಾಯಾಧೀಶರು ಎಲ್ಲರೂ ಈ ಸಮಾಜದಿಂದಲೇ ಬಂದವರು. ಆದ್ದರಿಂದಲೇ ಶಿಕ್ಷೆಯ ತೂಕವನ್ನು ಪ್ರತಿಯೊಬ್ಬರ ಮನೋಧರ್ಮಕ್ಕೆ ಬಿಡಬಾರದು. ಬರೆದಿಟ್ಟ ಮಾನದಂಡ ಬೇಕು.

5. ಬರೆದಿಟ್ಟ ಮಾನದಂಡಗಳು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2009ರ ಕಾಯ್ದೆಯಡಿ ಹುಟ್ಟಿದ ಶಿಕ್ಷಾ ಮಂಡಳಿ ಒಂದೊಂದು ಅಪರಾಧಕ್ಕೂ ಮಾರ್ಗಸೂಚಿ ಕೊಡುತ್ತದೆ. ಕೌಟುಂಬಿಕ ಹಿಂಸೆಗೆಂದೇ ಮಾಡಿದ ಮಾರ್ಗಸೂಚಿ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಮನೆಯ ಸಂಬಂಧದಲ್ಲಿ ಇರಬೇಕಾದ ನಂಬಿಕೆ ಮತ್ತು ಭದ್ರತೆಯನ್ನು ಮುರಿಯುವುದರಿಂದ ಇಂಥ ಅಪರಾಧ ಹೆಚ್ಚು ಗಂಭೀರ ಎಂಬುದೇ ಅದರ ತಳಹದಿ. ಅಧಿಕಾರದ ದುರ್ಬಳಕೆ, ದೂರು ಕೊಡದಂತೆ ತಡೆದದ್ದು, ಸಂತ್ರಸ್ತರನ್ನು ಮನೆ ಬಿಡುವಂತೆ ಮಾಡಿದ್ದು, ಮಕ್ಕಳ ಮೇಲಾದ ಪರಿಣಾಮ, ಮಕ್ಕಳನ್ನು ನೋಡುವ ನೆಪದಲ್ಲಿ ಹಿಂಸಿಸಿದ್ದು, ಸಾಬೀತಾದ ಹಿಂದಿನ ಹಿಂಸೆ, ನ್ಯಾಯಾಲಯದ ಆದೇಶಗಳ ಉಲ್ಲಂಘನೆ, ಇವನ್ನೆಲ್ಲ ಶಿಕ್ಷೆ ಏರಿಸುವ ಸಂಗತಿಗಳೆಂದು ಅದು ಪಟ್ಟಿ ಮಾಡಿದೆ.

ನನಗೆ ಹೆಚ್ಚು ಮಹತ್ವದ್ದೆನಿಸುವುದು ಶಿಕ್ಷೆ ಇಳಿಸುವ ಕಾರಣಗಳನ್ನು ಅದು ಪರೀಕ್ಷಿಸುವ ಬಗೆ. ಅಪರಾಧಿಗೆ ಊರಿನಲ್ಲಿ ಒಳ್ಳೆಯ ಹೆಸರಿದೆ ಎಂಬುದು ಸಾಮಾನ್ಯವಾಗಿ ಅವನ ಪರ ನಿಲ್ಲುತ್ತದೆ. ಆದರೆ ಹೊರಗೊಂದು ಮುಖ, ಒಳಗೊಂದು ಮುಖ ಇಟ್ಟುಕೊಳ್ಳಬಲ್ಲ ಸಾಮರ್ಥ್ಯವೇ ಕೌಟುಂಬಿಕ ಹಿಂಸೆ ವರ್ಷಗಟ್ಟಲೆ ಬಯಲಾಗದಂತೆ ಕಾಯುತ್ತದೆ ಎಂದು ಆ ಮಾರ್ಗಸೂಚಿ ಎಚ್ಚರಿಸುತ್ತದೆ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ನಮ್ಮ ಹಿರಿಯರಿಗೂ ಗೊತ್ತಿದ್ದ ಸತ್ಯ ಅದು. ‘ಅವನಿಗೆ ಶಿಕ್ಷೆ ಬೇಡ’ ಎಂದು ಸಂತ್ರಸ್ತೆಯೇ ಕೇಳಿಕೊಂಡಾಗಲೂ, ಶಿಕ್ಷೆಯ ಹೊಣೆ ಅವಳ ತಲೆಯ ಮೇಲೆ ಬೀಳಬಾರದು, ಆ ಮಾತಿನ ಹಿಂದೆ ಬೆದರಿಕೆ ಇರಬಹುದು ಎಂದು ಅದು ನೆನಪಿಸುತ್ತದೆ. ಕುತ್ತಿಗೆ ಹಿಸುಕುವುದನ್ನು ಅಲ್ಲಿನ 2021ರ ಕಾಯ್ದೆ ಪ್ರತ್ಯೇಕ ಅಪರಾಧವಾಗಿಸಿತು. ಅದು 2022ರ ಜೂನ್‌ನಲ್ಲಿ ಜಾರಿಗೆ ಬಂತು. ಗರಿಷ್ಠ ಶಿಕ್ಷೆ 5 ವರ್ಷ. ಕೆನಡಾ ಇನ್ನೊಂದು ದಾರಿ ಹಿಡಿಯಿತು. ಬಾಳಸಂಗಾತಿಯ ಮೇಲಿನ ದೌರ್ಜನ್ಯ ಶಿಕ್ಷೆ ಏರಿಸುವ ಸಂಗತಿ ಎಂದು 1996ರಿಂದ ಅದು ತನ್ನ ಕ್ರಿಮಿನಲ್ ಸಂಹಿತೆಯಲ್ಲೇ ಬರೆದುಕೊಂಡಿದೆ.

ನಮ್ಮಲ್ಲಿ? ಏರಿಸುವ ಮತ್ತು ಇಳಿಸುವ ಸಂಗತಿಗಳ ಬಗ್ಗೆ ಗಂಭೀರ ಚರ್ಚೆ ನಡೆದದ್ದು ಬಹುತೇಕ ಮರಣದಂಡನೆಯ ಸುತ್ತ. 1980ರ ಸಂವಿಧಾನ ಪೀಠದ ತೀರ್ಪು ಅದಕ್ಕೆ ಅಡಿಪಾಯ. ಗಲ್ಲಿನ ಪ್ರಶ್ನೆ ಬಂದಾಗ ನಾವು ಒಂದೊಂದು ಸಂಗತಿಯನ್ನೂ ಅಳೆದು ತೂಗುತ್ತೇವೆ. ಅದು ಸರಿಯೇ. ಆದರೆ ಮ್ಯಾಜಿಸ್ಟ್ರೇಟರ ಮುಂದೆ ಬರುವ ಅಸಂಖ್ಯ ಗಾಯದ ಪ್ರಕರಣಗಳಿಗೆ ಆ ತಕ್ಕಡಿ ಇನ್ನೂ ತಲುಪಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಸಮಿತಿ 2003ರಲ್ಲೇ ಶಿಕ್ಷೆಗೆ ಮಾರ್ಗಸೂಚಿ ರೂಪಿಸಲು ಶಾಸನಬದ್ಧ ಸಮಿತಿ ಬೇಕೆಂದಿತು. (498ಎ ಜಾಮೀನು ಸಿಗುವಂಥ, ರಾಜಿಯಾಗುವಂಥ ಅಪರಾಧವಾಗಲಿ ಎಂದೂ ಅದೇ ವರದಿ ಹೇಳಿತು. ಆ ಮಾತನ್ನು ನಾನು ಒಪ್ಪುವುದಿಲ್ಲ, ಮೊದಲಿನ ಮಾತನ್ನು ಪೂರ್ಣ ಒಪ್ಪುತ್ತೇನೆ.) ಶಿಕ್ಷೆ ವಿಧಿಸುವುದು ನಮ್ಮ ನ್ಯಾಯದಾನದ ಅತಿ ದುರ್ಬಲ ಭಾಗ ಎಂದು ಸುಪ್ರೀಂ ಕೋರ್ಟು 2012ರಲ್ಲಿ ವಿಷಾದಿಸಿತು. 2024ರಲ್ಲಿ ಸಮಗ್ರ ಶಿಕ್ಷಾ ನೀತಿಯನ್ನು ಪರಿಗಣಿಸುವಂತೆ ಕೇಂದ್ರಕ್ಕೆ ಹೇಳಿತು.

6. ಮೀರಬಾರದ ಗೆರೆಗಳು

ಶಿಕ್ಷೆ ಏರಿಸುವ ಮಾತಾಡುವವರು ನ್ಯಾಯದ ಗೆರೆಗಳನ್ನೂ ಅಷ್ಟೇ ಕಾಳಜಿಯಿಂದ ಕಾಯಬೇಕು.

498ಎ ದುರುಪಯೋಗವಾಗುತ್ತಿದೆ ಎಂಬ ವಾದ ಬಲ್ಲೆ. ಬಂಧನದ ಹಂತದಲ್ಲಿ ಎಚ್ಚರ ಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ನಿಯಮಗಳನ್ನೂ ಹಾಕಿಕೊಟ್ಟಿದೆ. ನನ್ನ ಮಾತು ಆ ಹಂತದ್ದಲ್ಲ. ಎಲ್ಲ ಸಾಕ್ಷ್ಯ ಪರೀಕ್ಷಿಸಿ, ಸಂಶಯಾತೀತವಾಗಿ ಅಪರಾಧ ಸಾಬೀತಾದ ಮೇಲಿನದು. ಅಲ್ಲಿ ದುರುಪಯೋಗದ ವಾದಕ್ಕೆ ಎಡೆಯಿಲ್ಲ.

ಏರಿಸುವ ಸಂಗತಿಯೂ ಸಾಬೀತಾಗಿರಬೇಕು. ನೆರೆಹೊರೆಯವರ ಮಾತಿನ ಮೇಲೆ ‘ಇವನು ಯಾವಾಗಲೂ ಹೊಡೆಯುತ್ತಿದ್ದ’ ಎಂದು ಊಹಿಸಿ ಯಾರನ್ನೂ ಹೆಚ್ಚು ದಿನ ಜೈಲಿಗೆ ಕಳಿಸಬಾರದು. ಒಂದೇ ಸಂಗತಿಯನ್ನು ಎರಡು ಸಲ ಎಣಿಸಲೂಬಾರದು. 85ನೇ ಕಲಮಿನಲ್ಲಿ ಗಂಡನೆಂಬುದು ಅಪರಾಧದ ಅಂಗವೇ ಆಗಿದೆ. ಅಲ್ಲಿ ಅದಕ್ಕಾಗಿಯೇ ಮತ್ತೆ ಶಿಕ್ಷೆ ಏರಿಸುವಂತಿಲ್ಲ. 115 ಅಥವಾ 117ರಡಿ ಶಿಕ್ಷೆಯಾದಾಗ ಸಂಬಂಧ ಅಪರಾಧದ ಅಂಗವಲ್ಲ. ಅಲ್ಲಿ ಅದನ್ನು ತೂಗಲೇಬೇಕು.

ಅಪರಾಧದ ಗುರುತ್ವ ಹೆಚ್ಚಿತೆಂದರೆ ಜೈಲುವಾಸವೇ ಆಗಬೇಕೆಂದೂ ಇಲ್ಲ. 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಬರೀ ಬುದ್ಧಿ ಹೇಳಿ ಕಳಿಸುವ 3ನೇ ಕಲಮೂ ಇದೆ, ಮೇಲ್ವಿಚಾರಣೆಯಲ್ಲಿ ಇರಿಸುವ 4ನೇ ಕಲಮೂ ಇದೆ. ಮನೆಯೊಳಗಿನ ಹಿಂಸೆ ಸಾಬೀತಾದ ಮೇಲೆ 3ನೇ ಕಲಮಿನ ದಾರಿ ಹಿಡಿಯಬಾರದು. ಹೆಂಗಸು ನಿಜವಾಗಿ ಅವನ ದುಡಿಮೆಯನ್ನೇ ನಂಬಿದ್ದರೆ, ಪರಿಹಾರದ ಆದೇಶ, ಪ್ರೊಬೇಷನ್ ಅಧಿಕಾರಿಯ ಕಣ್ಣು, ಷರತ್ತು ಮುರಿದರೆ ಸಜೆ ಖಚಿತ ಎಂಬ ಬಾಂಡು, ಇವು ಒಟ್ಟಾಗಿ ಅವಳಿಗೆ ಹೆಚ್ಚು ಆಸರೆಯಾಗಬಲ್ಲವು. ಯಾವುದನ್ನು ಆರಿಸಿದರೂ, ಹತ್ತಿರದ ಸಂಬಂಧ ಅಪರಾಧವನ್ನು ಗಂಭೀರವಾಗಿಸಿತು ಎಂಬ ಮಾತು ಆದೇಶದಲ್ಲಿ ಬರೆದಿರಬೇಕು.

7. ನಾಳೆಯಿಂದಲೇ ಮಾಡಬಹುದಾದದ್ದು

ಕಾನೂನು ತಿದ್ದುಪಡಿಗೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಮನೆ ಹಿಂಸೆಯ ಚರಿತ್ರೆ ಎಲ್ಲೂ ದಾಖಲಾಗಿರುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಅದು ಚದುರಿ ಬಿದ್ದಿರುತ್ತದೆ. 115(2)ನೇ ಕಲಮಿನ ಅಪರಾಧದಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆ ಮಾಡುವಂತಿಲ್ಲ. ಆದ್ದರಿಂದ ಠಾಣೆಗೆ ಬಂದವಳ ಗಂಡನನ್ನು ಕರೆಸಿ, ‘ಇನ್ನು ಮುಂದೆ ಹೊಡೆಯುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿ ಕಳಿಸುವುದು ರೂಢಿ. ಆ ಮುಚ್ಚಳಿಕೆ ಠಾಣೆಯ ಕಡತದಲ್ಲಿರುತ್ತದೆ. ಹಿಂದಿನ ಗಾಯದ ಚೀಟಿ ಆಸ್ಪತ್ರೆಯಲ್ಲಿರುತ್ತದೆ. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಗಳಾಗಿ ಕೆಲಸ ಮಾಡುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಬಳಿ ಕೌಟುಂಬಿಕ ಘಟನಾ ವರದಿ ಇರುತ್ತದೆ. ರಕ್ಷಣಾ ಆದೇಶ ಇನ್ನೊಂದು ನ್ಯಾಯಾಲಯದ ಕಡತದಲ್ಲಿರುತ್ತದೆ. ಇವುಗಳಲ್ಲಿ ಒಂದೂ ಶಿಕ್ಷೆ ವಿಧಿಸುವ ನ್ಯಾಯಾಧೀಶರ ಮೇಜಿಗೆ ಬರದಿದ್ದರೆ ‘ಮೊದಲ ಅಪರಾಧ’ ಎಂಬ ಮಾತು ಸಲೀಸಾಗಿ ಗೆಲ್ಲುತ್ತದೆ. ತನಿಖಾಧಿಕಾರಿ ಇವನ್ನು ವಿಚಾರಣೆಯ ಹಂತದಲ್ಲೇ ಕಾನೂನುಬದ್ಧವಾಗಿ ಸಾಕ್ಷ್ಯಕ್ಕೆ ತರಬೇಕು. ಆಗ ಎದುರು ಕಡೆಗೂ ಪ್ರಶ್ನಿಸುವ ಅವಕಾಶ ಸಿಗುತ್ತದೆ, ಶಿಕ್ಷೆಯ ಹೊತ್ತಿಗೆ ಸಾಬೀತಾದ ಸಂಗತಿಗಳು ಕೈಯಲ್ಲಿರುತ್ತವೆ.

ಸರ್ಕಾರಿ ಅಭಿಯೋಜಕರು ‘ಗರಿಷ್ಠ ಶಿಕ್ಷೆ’ ಎಂಬ ಒಂದು ಸಾಲು ಬಿಟ್ಟು, ಏರಿಸುವ ಸಂಗತಿಗಳ ಲಿಖಿತ ಟಿಪ್ಪಣಿ ಸಲ್ಲಿಸಬೇಕು. ನ್ಯಾಯಾಧೀಶರು ಸಮನ್ಸ್ ಪ್ರಕರಣವಾದರೂ ಶಿಕ್ಷೆಯ ಬಗ್ಗೆ ಎರಡೂ ಕಡೆಯನ್ನು ಕೇಳಬೇಕು. ಯಾವುದು ಏರಿಸಿತು, ಯಾವುದು ಇಳಿಸಿತು ಎಂಬ ಕಾರಣ ಬರೆಯಬೇಕು.

ಸಂತ್ರಸ್ತೆಯ ಮಾತಿಗೂ ಜಾಗ ಬೇಕು. 2018ರ ಅಕ್ಟೋಬರಿನಲ್ಲಿ, ಕರ್ನಾಟಕದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ, ನ್ಯಾಯಮೂರ್ತಿ ಮದನ್ ಲೋಕೂರ್ ಅವರು ಶಿಕ್ಷೆ ವಿಧಿಸುವಾಗ ಸಂತ್ರಸ್ತರನ್ನು ಕೇಳುವುದನ್ನೂ, ಅಪರಾಧ ಅವರ ಮೇಲೆ ಮಾಡಿದ ಪರಿಣಾಮದ ಹೇಳಿಕೆಗೆ ಮಾನ್ಯತೆ ಕೊಡುವುದನ್ನೂ ಗಂಭೀರವಾಗಿ ಪರಿಗಣಿಸಬೇಕೆಂದರು. ಇವತ್ತಿಗೂ ಶಿಕ್ಷೆ ಕಡಿಮೆಯಾಯಿತೆಂದು ಸಂತ್ರಸ್ತೆ ತಾನಾಗಿ ಮೇಲ್ಮನವಿ ಹೋಗುವಂತಿಲ್ಲ. ಖುಲಾಸೆಯ ವಿರುದ್ಧ, ಕಿರಿದಾದ ಅಪರಾಧಕ್ಕೆ ಶಿಕ್ಷೆಯಾದದ್ದರ ವಿರುದ್ಧ, ಕಡಿಮೆ ಪರಿಹಾರದ ವಿರುದ್ಧ ಹೋಗಬಹುದು. ಶಿಕ್ಷೆ ಸಾಲದೆಂದು ಹೋಗುವ ಅಧಿಕಾರ ಸರ್ಕಾರದ್ದು ಮಾತ್ರ. ಮೇಲ್ಮನವಿಯ ಬಾಗಿಲು ಹೀಗೆ ಮುಚ್ಚಿರುವಾಗ, ಮೊದಲ ನ್ಯಾಯಾಲಯದಲ್ಲಿ ಅವಳ ಮಾತನ್ನು ಕೇಳುವುದು ಇನ್ನೂ ಅಗತ್ಯ. ಕೇಳುವಾಗ ‘ಇವನಿಗೆ ಎಷ್ಟು ಶಿಕ್ಷೆ ಬೇಕು’ ಎಂದು ಕೇಳಬಾರದು. ‘ನಿಮಗೆ ಏನಾಯಿತು, ಈಗ ಹೇಗಿದ್ದೀರಿ, ಯಾವುದಕ್ಕೆ ಹೆದರುತ್ತೀರಿ’ ಎಂದು ಕೇಳಬೇಕು.

ಶಾಸಕಾಂಗಕ್ಕೆ ನನ್ನ ಕೋರಿಕೆ ಎರಡು. ಮನೆಯ ಸಂಬಂಧದಲ್ಲಿ ನಡೆದ ಹಲ್ಲೆ, ಮಕ್ಕಳೆದುರಿನ ಹಲ್ಲೆ, ರಕ್ಷಣಾ ಆದೇಶ ಮುರಿದು ಮಾಡಿದ ಹಲ್ಲೆ, ಕುತ್ತಿಗೆ ಹಿಸುಕಿ ಮಾಡಿದ ಹಲ್ಲೆ, ಇವು ಶಿಕ್ಷೆ ಏರಿಸುವ ಸಂಗತಿಗಳೆಂದು ಸಂಹಿತೆಯಲ್ಲೇ ಬರೆಯಲಿ. ಪುನರಪರಾಧದ 13ನೇ ಕಲಮಿನ ತತ್ವ ಸ್ವತ್ತಿನಿಂದ ಮೈಗೂ ವಿಸ್ತರಿಸಲಿ.

ಕಾನೂನು ವಿದ್ಯಾರ್ಥಿಗಳಲ್ಲಿ ಒಂದು ಮಾತು. ನಾಳೆ ನೀವು ಆರೋಪಿ ಪರವಾಗಿಯೇ ನಿಲ್ಲಬಹುದು. ಅದೂ ಪವಿತ್ರವಾದ ಕೆಲಸ. ಅವನ ಬಡತನ, ಅವನ ವಯಸ್ಸು, ಅವನ ಪಶ್ಚಾತ್ತಾಪ ಎಲ್ಲವನ್ನೂ ಪ್ರಾಮಾಣಿಕವಾಗಿ ಹೇಳಿ. ಪೆಟ್ಟು ತಿಂದ ಹೆಂಡತಿಯನ್ನೂ ಅದನ್ನು ಕಂಡ ಮಕ್ಕಳನ್ನೂ ಮಾತ್ರ ಅವನ ಪರದ ಕಾರಣವಾಗಿ ಮುಂದಿಡಬೇಡಿ. ಸರ್ಕಾರದ ಪರ ನಿಂತರೆ, ತಪ್ಪಿತಸ್ಥನೆಂಬ ತೀರ್ಪು ಬಂದ ಕೂಡಲೇ ಕಡತ ಮುಚ್ಚಬೇಡಿ. ಅಪರಾಧ ಎಷ್ಟು ಭಾರವಾದದ್ದೆಂದು ಸಮಾಜ ಅರಿಯುವುದು ಅದಾದ ಮೇಲಿನ ವಿಚಾರಣೆಯಲ್ಲಿ, ನೀವು ಮುಂದಿಡುವ ಸಂಗತಿಗಳಿಂದ.